ಬಾಯೊಳಗಿನ ಮೀಸಿ

ರತ್ನಾಗಿರಿಗೆ ಬ್ಯಾಳಿ ಹಾಕಿ ಬಂದ ಇಮಾಮಸಾಬ
ಲಾರಿ ಇಳಿಯೂದರಾಗೇ ಅಂದ:
“ಜಗದೇವಕ್ಕಾ, ನಿನ್ನ ಸಾಣಗಿ ನೋಡಿ ಬಂದೆ,
ದಂಡಿ ಮ್ಯಾಲ ಸತ್ತು ಬಿದ್ದಿತ್ತು.”

ಮಷೀನು ಆಗಷ್ಟೇ ಬಂದಾಗಿತ್ತು.
ಗಂಜಿನ ಈ ಮಿಲ್ಲಿನಾಗ ಸದ್ದು ನಿಂತರ
ಕಿವಿಯೊಳಗ ಇನ್ನೊಂದು ಮಿಲ್ಲು ಸುರು ಆಗತದ.
ಅದಕ್ಕ ಎರಡು ಸರ್ತಿ ಕೇಳಿದೆ.
ಮೀನಲ್ಲ ಅಂತ, ಮರಿಗಿ ಹಾಲು ಕುಡಸೂದಂತ,
ತಿಮಿಂಗಿಲ, ಲಾರಿಗಿಂತ ಉದ್ದ.
“ಹಲ್ಲೇ ಇಲ್ಲ ನೋಡು. ಬಾಯೊಳಗ ಮೀಸಿ!”

ಮೀಸಿ ಅಂದ್ರ
ಮ್ಯಾಲಿನ ದವಡಿಗಿ ಇಳಿಬಿಟ್ಟ ಪಟ್ಟಿ,
ಒಂದೊಂದು ಕಡಿಗಿ ಮುನ್ನೂರರ ಮ್ಯಾಲ.
ಹೊರಗ ನುಣ್ಣಗ, ಎಮ್ಮಿ ಕೋಡಿನಂಗ.
ಒಳಗ, ನಾಲಿಗಿ ಕಡಿ, ಹರಕ ಹರಕ ಕೂದಲ,
ಸವದ ಕಸಬರಗಿ ತುದಿ.
ಅಳತಿ ಮಾಡಾಕ ಬಂದ ಸರ್ಕಾರಿ ಮಂದಿ
ಹುಡುಗರಿಗಿ ಹೇಳೂದು ನಿಂತು ಕೇಳ್ಯಾನ:

ಬಾಯಿ ತೆರೀತದಂತ,
ಗಂಟಲ ನಿರಿಗಿ ಬಿಚ್ಚಿ
ಬಾವಿಗಟ್ಟಲೆ ನೀರು ಒಮ್ಮೆಲೆ ಒಳಗ.
ಆಮ್ಯಾಲ ಬಾಯಿ ಮುಚ್ಚಿ ನಾಲಿಗಿ ಒತ್ತಿದರ
ಸಮುದ್ರ ಸಮುದ್ರಕ್ಕ ವಾಪಸ್.
ಉಳಿಯೂದು ಕೂದಲಿಗಿ ಸಿಕ್ಕ ಸಿಗಡಿ,
ಕಿರಿಬೆರಳಿನಷ್ಟೂ ಇಲ್ಲದ್ದು.
ಅಷ್ಟು ದೊಡ್ಡ ಒಡಲಿಗಿ ಅಷ್ಟು ಸಣ್ಣ ಊಟ.

ನಕ್ಕೆ. ಇಪ್ಪತ್ತೆರಡು ವರ್ಷ ಆತು
ನಾನೂ ರಾಶಿ ರಾಶಿ ತಗೊಂಡು ಬಿಟ್ಟುಕೊಟ್ಟಾಕಿನೇ.
ಚೀಲ ಸುರೀತಾರ, ಜಾಲರಿ ಕುಣೀತದ,
ಮಣ್ಣು ಕೆಳಗ, ನುಚ್ಚು ನಡಬರಕ, ತೊಗರಿ ಮ್ಯಾಲ.
ಮಷೀನಿಗಿ ತಪ್ಪಿದ್ದು ನನ್ನ ಬೆರಳಿಗಿ.

ಗೋಡಿ ಮಾಡದಾಗ ಇಟ್ಟೀನಿ ಸಿಕ್ಕಿದ್ದೆಲ್ಲ:
ಅಂಗಿ ಗುಂಡಿ ಒಂಬತ್ತು,
ಕುಡಗೋಲಿನ ತುದಿ,
ಒಳಗ ಯಾರೂ ಇಲ್ಲದ ಶಂಖದ ಹುಳದ ಮನಿ,
ಮತ್ತ ಒಂದು ಕಾಲುಂಗುರ. ಆಳಂದ ಕಡಿ ಚೀಲದಾಗಿಂದು.
ರಾಶಿ ಮಾಡುವಾಗ ಜಾರಿತೇನೋ,
ಆಕಿನೇ ತಗದು ಒಗದಾಳೇನೋ.
ಯಾರರೆ ಕೇಳಿಕೊಂಡು ಬಂದಾರಂತ
ವರ್ಷಕ್ಕೊಮ್ಮೆ ವಿಭೂತಿ ಹಚ್ಚಿ ತಿಕ್ಕಿ ಇಡತೀನಿ.

ಆ ಪಟ್ಟಿ ಎಲುವಲ್ಲಂತ, ಉಗುರಿನ ಜಾತಿ.
ಬುಡದಾಗ ಬೆಳಕೋತ,
ತುದಿಯಾಗ ಸವಕೋತ.
ನನ್ನ ಕೈ ನೋಡಿಕೊಂಡೆ.
ಹೆಬ್ಬೆರಳಿನ ಉಗುರು ಅರ್ಧ,
ತೋರಬೆರಳಿಂದು ಅಷ್ಟೂ ಇಲ್ಲ.
ಬಣ್ಣ ಹಚ್ಚಬೇಕಂದ್ರ ಜಾಗ ಎಲ್ಲದ ಅಂತ
ಸುಸಲಾ ನಗತಾಳ, ತಂದೂ ಹಂಗೇ ಇದ್ದರೂ.

ದವಾಖಾನಿ ಫೋಟೋದಾಗ ಎದಿ ಮಂಜ ಮಂಜ.
“ಸೆರಗ ಕಟ್ಟಿದರ ಸಾಲಂಗಿಲ್ಲಬೇ” ಅಂದಿದ್ದಳು ಡಾಕ್ಟರಮ್ಮ.
ತೊಗರಿ ಸಾಣಗಿಯಾಗ ಉಳೀತು,
ಧೂಳಿ ಉಳಿಯಾಕ ನಾ ಸಿಕ್ಕೆ.

ಸಮುದ್ರ ನಾ ಕಂಡಿಲ್ಲ.
ಕಾಲಾಗಿನ ಈ ಶಾಬಾದ ಪರಸಿ
ಒಂದು ಕಾಲಕ್ಕ ಸಮುದ್ರದ ಕೆಸರಿತ್ತಂತ,
ಖಣಿಯಾಗ ದುಡದ ನಮ್ಮಣ್ಣ ಹೇಳತಿದ್ದ.
ನೀರೆಲ್ಲ ಹೊರಗ ಹೋಗ್ಯದ, ಕಲ್ಲು ಉಳದದ.
ಯಾವ ಬಾಯಿ ಮುಚ್ಚಿತ್ತೋ.

ಚಹಾ ಕುಡದು ಎದ್ದ ಇಮಾಮಸಾಬನ್ನ
ಗೇಟಿನ ತನಕ ಹೋಗಿ ನಿಂದ್ರಿಸಿದೆ.
“ಸತ್ತಾಗ ಅದರ ಕೂದಲದಾಗ ಏನು ಸಿಕ್ಕಿಕೊಂಡಿತ್ತು?”
“ಏನದ, ಬಲಿ ಚೂರು, ಹಗ್ಗ,
ಒಂದು ಹಸರ ಚಪ್ಪಲಿ. ಸಣ್ಣ ಹುಡುಗರದು.”
“ಎಡಗಾಲಿಂದಾ, ಬಲಗಾಲಿಂದಾ?”
ಆತ ನನ್ನ ಮಾರಿ ನೋಡಿದ.
“ಅದನ್ಯಾರು ನೋಡತಾರಕ್ಕಾ.”

ನೋಡಬೇಕಾಗಿತ್ತು.
ಒಳಗ ಸುಸಲಾ ಕರೀಲಾಕತ್ತಿದ್ದಳು,
ಮಷೀನು ಸುರು ಆಗಿತ್ತು.