ಪಂಕ್ತಿಭೇದ

ಕೊಣನೂರಿನಾಚೆ, ಕಟ್ಟೇಪುರ ನಾಲೆಯ ಕೆಳಗೆ,
ನಾಟಿಯಾದ ಇಪ್ಪತ್ತನೇ ದಿನ.
ಮೇಲಿನ ಮಡಿ ಮರಳು; ಕೊಟ್ಟದ್ದೆಲ್ಲ
ಪಕ್ಕದವರ ಗದ್ದೆಗೆ ಸೋರಿಸುತ್ತದೆ.
ಕೆಳಗಿನದು ಜೇಡಿ, ಹಿಡಿದರೆ ಬಿಡದು,
ಗೊಬ್ಬರವನ್ನೂ, ನನ್ನ ಕಾಲನ್ನೂ.

ಮಾವ ಇದ್ದಾಗ ಎರಡಕ್ಕೂ ಒಂದೊಂದೇ ಚೀಲ.
'ಪಂಕ್ತಿಭೇದ ಮಾಡಬಾರದು ಕಣವ್ವ ಜಯಶೀಲ.'
ಆ ವರ್ಷ ಜೇಡಿಯಲ್ಲಿ ಪೈರು ಮಲಗಿತು,
ಮರಳಲ್ಲಿ ಹಳದಿ ತಿರುಗಿತು.
ಅವರು ಆಕಾಶ ನೋಡಿ ಬೈದರು.

ಈಗ ಕೈಯಲ್ಲೊಂದು ಪ್ಲಾಸ್ಟಿಕ್ ಪಟ್ಟಿ,
ಹಸಿರಿನ ನಾಲ್ಕು ಮನೆ.
ಬಿಸಿಲಿಗೆ ಬೆನ್ನು ಕೊಟ್ಟು, ಎಲೆ ಕೀಳದೆ,
ನನ್ನ ನೆರಳಲ್ಲೇ ಹಿಡಿದು ಓದಬೇಕಂತೆ.
ಓದಿದೆ.
ಮರಳಿಗೆ ಅರ್ಧ ಮಂಕರಿ,
ಹದಿನೈದು ದಿನ ಬಿಟ್ಟು ಇನ್ನರ್ಧ.
ಜೇಡಿಗೆ ಇವತ್ತೇನಿಲ್ಲ.

ಉಳಿದ ಯೂರಿಯ
ಬಾಯಿಗೆ ಸುತಲಿ ಬಿಗಿಸಿಕೊಂಡು ಬದುವಿನ ಮೇಲೆ ಕೂತಿದೆ,
ಊಟಕ್ಕೆ ಏಳಿಸದ ನೆಂಟನ ಹಾಗೆ.