ಸೀಮೆಸುಣ್ಣ

ದಾವಣಗೆರೆ ಮಾರುಕಟ್ಟೆ ಪ್ರಾಂಗಣದಲ್ಲಿ ನನ್ನ ಕೆಲಸ ಇಷ್ಟೇ:
ಮೆಕ್ಕೆಜೋಳದ ದರ ಬರೆಯುವುದು, ಒರೆಸುವುದು, ಬರೆಯುವುದು.
ಹತ್ತು ಗಂಟೆಗೆ ಎರಡು ಸಾವಿರದ ನೂರ ಎಂಬತ್ತು,
ಚಾ ಬರುವಷ್ಟರಲ್ಲಿ ಎಪ್ಪತ್ತು,
ಮೋಡ ಕವಿದರೆ ಇನ್ನೊಂದು.
ಒರೆಸಲು ಬಟ್ಟೆ ಹುಡುಕುವ ಪುರಸೊತ್ತಿಲ್ಲ,
ಮೊಣಕೈಯೇ ಸಾಕು.
ಇಪ್ಪತ್ತಾರು ವರ್ಷದಿಂದ ನನ್ನ ಎಡತೋಳು ಬೆಳ್ಳಗಿದೆ.

ಐವತ್ತೊಂದನೇ ವಯಸ್ಸಿಗೆ ಇಂಗ್ಲಿಷು ಕಲಿಯಲು ಹೊರಟೆ.
ಯಾಕೆ ಅಂದಳು ಹೆಂಡತಿ.
ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಪಿ.ಜೆ. ಬಡಾವಣೆಯ ಟೈರಂಗಡಿ ಮೇಲಿನ ಕೋಣೆ,
ರಾತ್ರಿ ಎಂಟಕ್ಕೆ, ಒಂಬತ್ತು ಮಂದಿ,
ರಬ್ಬರಿನ ವಾಸನೆ, ಗರಗರ ಫ್ಯಾನು.
ಸುಲಭವಾಗಿ ಬದಲಾಗುವುದಕ್ಕೆ
ಇಂಗ್ಲಿಷಿನಲ್ಲಿ ಎಷ್ಟು ಮಾತಿವೆ ನೋಡಿ
ಎನ್ನುತ್ತ ವಿಲಾಸಿನಿ ಮೇಡಂ ಹಲಗೆ ತುಂಬಿದರು:
ವೊಲಟೈಲ್. ಫಿಕಲ್. ಮರ್ಕ್ಯೂರಿಯಲ್. ಮ್ಯೂಟಬಲ್.
ಇನ್ನೂ ಎರಡಿದ್ದವು. ನೋಟ್‌ಬುಕ್ಕಿನಲ್ಲಿವೆ,
ನನ್ನ ಅಕ್ಷರ ನನಗೇ ಓದಲಾಗುತ್ತಿಲ್ಲ.

ವೊಲಟೈಲ್ ನನಗೆ ಕೂಡಲೇ ಸಿಕ್ಕಿತು.
ಮುಚ್ಚಳ ತೆಗೆದರೆ ಹಾರಿಹೋಗುವ ಪೆಟ್ರೋಲಿನಂಥದ್ದು.
ಅಯ್ಯೋ, ಇದರ ಕಾಲಬುಡದಲ್ಲೇ ಅಲ್ಲವೇ
ನಾನು ಇಷ್ಟು ವರ್ಷ ನಿಂತದ್ದು,
ಹೆಸರೂ ಗೊತ್ತಿಲ್ಲದೆ.

ಮರ್ಕ್ಯೂರಿಯಲ್ ಅಂದರೆ ಪಾದರಸ.
ನರ್ಸಿಂಗ್ ಹೋಮಿನ ರೇವತಿ ಕಂಡಿದ್ದಳಂತೆ,
ಹಳೇ ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ
ಬೆರಳಿಟ್ಟರೆ ಎರಡು, ತೆಗೆದರೆ ಒಂದು.
"ನಮ್ಮತ್ತೆ ಹಂಗೇ ರೀ" ಅಂದಳು. ನಕ್ಕೆವು.
ಆ ಅತ್ತೆ ಕರಿದ ಚಕ್ಕುಲಿಯ ಡಬ್ಬಿ
ಆಗ ಅವಳ ಚೀಲದಲ್ಲೇ ಇತ್ತು, ನಮಗೆಲ್ಲ ಹಂಚಲಿಕ್ಕೆ.

ಫಿಕಲ್‌ಗೆ ನಾವು ಗೋಸುಂಬೆ ಎಂದೆವು,
ಗಾಳಿ ಬಂದಾಗ ತೂರಿಕೊಳ್ಳುವವ ಎಂದೆವು.
ಮೇಡಂ ಒಪ್ಪಲಿಲ್ಲ.
ಗೋಸುಂಬೆಗೆ ಲೆಕ್ಕಾಚಾರ ಇರುತ್ತೆ, ಇದಕ್ಕೆ ಅದೂ ಇಲ್ಲ.

ಹಿಂದಿನ ಬೆಂಚಿನಿಂದ ಖಲಂದರ್ ಸಾಬರು ಎದ್ದರು,
ಮಂಡಕ್ಕಿ ಭಟ್ಟಿಯವರು, ಹುಬ್ಬಿನಲ್ಲಿ ಯಾವಾಗಲೂ ಬೂದಿ.
"ಸುಲಭ ಅಂದ್ರಲ್ಲ ಮೇಡಂ, ಯಾರಿಗೆ ಸುಲಭ?
ಕಾದ ಮರಳಿಗೆ ಅಕ್ಕಿ ಬಿದ್ರ
ಕಣ್ಣು ಮುಚ್ಚಿ ತೆರೆಯೋದ್ರಾಗ ಉಬ್ಬತೈತಿ. ನೋಡೋರಿಗೆ ಆಟ.
ಅದಕ್ಕೂ ಮುಂಚೆ ಭತ್ತ ನೆನೀಬೇಕು, ಬೇಯಬೇಕು,
ಅಂಗಳದಾಗ ಆರಬೇಕು, ಸಿಪ್ಪಿ ಬಿಡಬೇಕು,
ಉಪ್ಪುನೀರು ಕುಡೀಬೇಕು, ಮತ್ತ ಆರಬೇಕು.
ನಾಕು ದಿನ ಆತು.
ಆಮ್ಯಾಲೆ ಆ ಒಂದು ಚಟ್.
ತಿರುಗಿ ಅಕ್ಕಿ ಆಗು ಅಂದ್ರ ಆಗತೈತೇನು?
ಇದಕ್ಕ ಯಾವ ಪದ ರೀ?"

ಮೇಡಂ ಹಲಗೆಯ ಕಡೆ ತಿರುಗಿದರು.
ಕೈ ಎತ್ತಿದರು, ಬರೆಯಲಿಲ್ಲ.
"ನಾಳೆ ಹೇಳ್ತೀನಿ."

ನಾಳೆ ಕೋಣೆಗೆ ಬೀಗ.
ತುಮಕೂರಿನಲ್ಲಿ ಕೆಲಸ ಸಿಕ್ಕಿತಂತೆ ಎಂದಳು ರೇವತಿ.
ಬಾಡಿಗೆ ಬಾಕಿ ಎಂದ ಟೈರಂಗಡಿಯವನು.
ಇಬ್ಬರೂ ಸುಳ್ಳಾಡುವವರಲ್ಲ.

ಹನ್ನೆರಡು ದಿನ ಬಿಟ್ಟು ಹೋದೆ, ಛತ್ರಿ ಮರೆತಿದ್ದೆ.
ಬೀಗ ತೆಗೆಸಿದರೆ ಹಲಗೆ ಹಾಗೆಯೇ ಇದೆ:
ಗಳಿಗೆಗೊಂದು ಬಣ್ಣದ ಅಷ್ಟೂ ಪದಗಳು
ಒಂದಕ್ಷರ ಕದಲದೆ, ಧೂಳು ಹೊದ್ದು.

ಸೀಮೆಎಣ್ಣೆ, ಸೀಮೆಹಸು, ಸೀಮೆಸುಣ್ಣ:
ಹೊರಗಿನಿಂದ ಬಂದದ್ದಕ್ಕೆ ನಮ್ಮ ಹಿರಿಯರಿಟ್ಟ ಅಡ್ಡಹೆಸರು.
ಬಂದವು ಯಾವುವೂ ಪೂರ್ತಿ ವಾಪಸು ಹೋಗಲಿಲ್ಲ.
ಪೂರ್ತಿ ನಮ್ಮವೂ ಆಗಲಿಲ್ಲವೇನೋ.
ನನ್ನ ದರದ ಹಲಗೆಯಲ್ಲೂ ಅಷ್ಟೇ,
ಬಿಸಿಲು ಓರೆಯಾಗಿ ಬಿದ್ದರೆ ಇವತ್ತಿನ ಅಂಕಿಯ ಕೆಳಗೆ
ನಿನ್ನೆಯದು, ಅದರ ಕೆಳಗೆ ಮೊನ್ನೆಯದು.

ಮೊಣಕೈ ತಾನಾಗಿಯೇ ಎದ್ದಿತು. ಚಾಳಿ.
ಫಿಕಲ್ ಅರ್ಧ ಅಳಿಸಿ ನಿಂತಿತು.

ಕೆಳಗೆ ಒಂದು ಪದಕ್ಕಾಗುವಷ್ಟು ಜಾಗ.
ಮೇಜಿನ ಮೇಲೆ ಚೂರು ಸೀಮೆಸುಣ್ಣ.
ಖಲಂದರ್ ಸಾಬರಿಗೆಂದು, ನನಗೆ ಬರುವ ಭಾಷೆಯಲ್ಲಿ,
ದರ ಬರೆಯುವ ದಪ್ಪ ಕೈಯಲ್ಲಿ ಬರೆದೆ:
ಅರಳು.

ಮೆಟ್ಟಿಲಿಳಿದು ಅರ್ಧ ದಾರಿ ಬಂದ ಮೇಲೆ ಹನಿ ಬಿತ್ತು.
ಛತ್ರಿ ಅಲ್ಲೇ.