ಐದನೆಯ ವೃತ್ತ

ಹುಟ್ಟಿ ಎರಡು ದಿನ.
ಹಿಮ್ಮಡಿಯ ಹೊರ ಅಂಚಿಗೆ ಸೂಜಿ.
ಮೊದಲ ಹನಿ ಹತ್ತಿಗೆ,
ಆಮೇಲಿನವು ಕಾಗದಕ್ಕೆ.
ಕಾಗದದ ಮೇಲೆ ಐದು ವೃತ್ತ,
ಐದೂ ತುಂಬಬೇಕೆನ್ನುತ್ತದೆ ಕೈಪಿಡಿ;
ಐದನೆಯದನ್ನು ಅರ್ಧಕ್ಕೇ ಬಿಡುತ್ತಾರೆ ಸಿಸ್ಟರ್ ಫಿಲೋಮಿನಾ.
"ಅಳು ನೋಡಿ ಮೇಡಂ. ನಾಲ್ಕು ಸಾಲದೇ ನಿಮಗೆ?"

ಸಾಲುತ್ತದೆ.
ನನಗೆ ಬೇಕಾದದ್ದು ಮೂರು ಮಿಲಿಮೀಟರಿನ ಒಂದು ಚುಕ್ಕಿ.
ಟಕ್ಕೆಂದು ಕತ್ತರಿಸಿ ತಟ್ಟೆಯ ಗುಳಿಗೆ ಬೀಳಿಸಿದರೆ
ಬಣ್ಣ ಬರುತ್ತದೆ, ಅಥವಾ ಬರುವುದಿಲ್ಲ.
ಬರದಿದ್ದರೆ ಮಗುವಿಗೊಂದು ಕಿಣ್ವದ ಕೊರತೆ.
ಈಗಲೇ ತಿಳಿದರೆ ದಿನಕ್ಕೊಂದು ವಿಟಮಿನ್ ಮಾತ್ರೆ,
ಹಾಲಿನಲ್ಲಿ ಕದಡಿ;
ತಿಳಿಯದಿದ್ದರೆ ಫಿಟ್ಸು, ಉದುರುವ ಕೂದಲು,
ಕರೆದರೆ ತಿರುಗದ ಕಿವಿ.
ಇಷ್ಟು ಸರಳ ಎಂದೇ ಎಲ್ಲರಿಗೂ ಆತುರ.

ಮೂರು ಆಸ್ಪತ್ರೆ, ಹದಿನೆಂಟು ತಿಂಗಳು,
ಹನ್ನೊಂದು ಸಾವಿರದ ನಾನೂರ ಆರು ಹಿಮ್ಮಡಿ.
ಈಗ ಮೇಜಿನ ಮೇಲೆ ವರದಿಯ ಕೊನೆಯ ಹಾಳೆ:
ಊರಿಗೆಲ್ಲ ವಿಸ್ತರಿಸಲು ಈ ಪರೀಕ್ಷೆ ಯೋಗ್ಯವೇ?
ಹೌದು. ಇಲ್ಲ.
ಒಂದಕ್ಕೆ ಗುರುತು ಹಾಕಿ.

ಕಾಟನ್‌ಪೇಟೆಯ ಮನೆಯಲ್ಲಿ ಅಜ್ಜಿ
ಜರಡಿ ಕೊಳ್ಳುವ ಮುಂಚೆ ಬೆಳಕಿಗೆ ಹಿಡಿಯುತ್ತಿದ್ದಳು.
ಕಣ್ಣು ಸಣ್ಣದಾದರೆ ಒಳ್ಳೆ ಹಿಟ್ಟೂ ಮೇಲೇ ನಿಲ್ಲುತ್ತೆ,
ದೊಡ್ಡದಾದರೆ ಕಲ್ಲೂ ಮುದ್ದೆಗೆ ಬೀಳುತ್ತೆ.

ನನ್ನ ಜರಡಿಯಲ್ಲಿ ಮೇಲೆ ನಿಂತ ಮಕ್ಕಳು ಮೂವತ್ತೇಳು.
ನಿಜಕ್ಕೂ ಕೊರತೆ ಇದ್ದದ್ದು ಒಬ್ಬಳಿಗೆ.
ಒಬ್ಬ ಸಿಗಲೇ ಇಲ್ಲ.
ಉಳಿದ ಮೂವತ್ತೈದರಲ್ಲಿ ಇಪ್ಪತ್ತಾರು
ಏಪ್ರಿಲ್, ಮೇ ತಿಂಗಳ ಕೂಸುಗಳು.

ಯಂತ್ರ ಸರಿಯಿತ್ತು. ಲೆಕ್ಕ ಸರಿಯಿತ್ತು.
ಒಂದು ದಿನ ಕಾರ್ಡುಗಳ ಜೊತೆಯೇ ಬಂದೆ,
ಹೊಸಕೋಟೆಯಿಂದ, ಕೊರಿಯರ್ ಹುಡುಗ ಮುಬಾರಕನ
ಸ್ಕೂಟರಿನ ಹಿಂದೆ ಕೂತು.
ಟಿನ್ ಫ್ಯಾಕ್ಟರಿ ಹತ್ತಿರ ಐವತ್ತು ನಿಮಿಷ.
ಸೀಟಿನಡಿಯ ಡಿಕ್ಕಿಯಲ್ಲಿ ಅವನ ಮಳೆಕೋಟು,
ಊಟದ ಡಬ್ಬಿ, ಮೂವತ್ತು ಮಕ್ಕಳ ರಕ್ತ.
ಕೈಯಿಟ್ಟರೆ ಸೀಟು ಚುರ್ರೆಂದಿತು.
ಕಿಣ್ವ ಅಲ್ಲಿ ಸಾಯುತ್ತಿತ್ತು,
ಕೆಂಪು ದೀಪದ ಮುಂದೆ.

ಎಸಿಯಲ್ಲಿ ಸತ್ಯ ಹೇಳುವ ಪರೀಕ್ಷೆಗೆ
ಬಿಸಿಲಿನಲ್ಲಿ ನಾಲಿಗೆ ಹೊರಳುತ್ತದೆ.

ಆ ಮಾತು ನಂಬಿ ಬಾಣಂತಿಯರನ್ನು ಕರೆಸಿದೆವು.
ಕಿವಿಗೆ ಹತ್ತಿ, ತಲೆಗೆ ಮಫ್ಲರು,
ಹನ್ನೊಂದು ದಿನದ ಕೂಸನ್ನೆತ್ತಿಕೊಂಡು ಬಂದಳು ಕುಸುಮಾ.
ಮತ್ತೆ ಸೂಜಿ. ಮತ್ತೆ ಐದು ದಿನ.
ಏನೂ ಇಲ್ಲಮ್ಮ, ಆರಾಮಾಗಿರು, ಎಂದೆವು.
ಆರು ತಿಂಗಳಾದ ಮೇಲೆ ಫೋನಿನಲ್ಲಿ:
"ರಾತ್ರಿ ಹೊತ್ತು ದಿಂಬಿನ ಮೇಲಿನ ಕೂದಲು ಎಣಿಸ್ತೀನಿ ಮೇಡಂ.
ನಿನ್ನೆ ನಾಲ್ಕಿತ್ತು."
ಈ ನಾಲ್ಕನ್ನು ಬರೆಯಲು ವರದಿಯಲ್ಲಿ ಕಾಲಂ ಇಲ್ಲ.

ಸಿಕ್ಕವಳು ನಿಖತ್, ಶಿವಾಜಿನಗರ.
ಮೊನ್ನೆ ಬಂದಿದ್ದಳು. ನನ್ನ ಕೈಜಾರಿ
ಟಿಪ್ಸಿನ ಡಬ್ಬ ಬಿತ್ತು.
ಥಟ್ಟನೆ ತಿರುಗಿ ನೋಡಿದಳು.
ಇನ್ನೊಂದು ಸಲ ಬೀಳಿಸಿದೆ, ಬೇಕೆಂದೇ.

ಸಿಗದವನು ಡಿಸೆಂಬರಿನವನು.
ಬಿಸಿಲಿನ ನೆಪ ಹೇಳುವಂತಿಲ್ಲ.
ವಿಳಾಸ: ಯಲಹಂಕದಾಚೆ, ಕಟ್ಟಡದ ಶೆಡ್ಡು, ಮೇಸ್ತ್ರಿಯ ಫೋನು.
ಮೂರು ಸಲ ಹೋದೆವು.
ಏಳು ಮಹಡಿ ಎದ್ದಿದೆ, ಬಾಲ್ಕನಿಗಳಲ್ಲಿ ತುಳಸಿ, ಸೈಕಲ್ಲು.
ಶೆಡ್ಡಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.
ಅವನ ಹೆಸರು ಕಾರ್ಡಿನಲ್ಲಿ 'ಸುಮಿತ್ರಾಳ ಗಂಡುಮಗು'.
ನಾಲ್ಕು ವೃತ್ತ ಮರುಪರೀಕ್ಷೆಗೆ ಮುಗಿದವು;
ನಾಲ್ಕರಲ್ಲೂ ಬಣ್ಣ ಬರಲಿಲ್ಲ.
ಐದನೆಯ ಅರ್ಧ
ಫ್ರೀಜರಿನಲ್ಲಿದೆ.

ನಾಳೆ ಹತ್ತಕ್ಕೆ ಮೀಟಿಂಗು.
"ಒಂದು ಸಾಲು ಸಾಕು" ಅಂದಿದ್ದಾರೆ ಪುರಾಣಿಕ್ ಸರ್.
ಹೌದಿನ ಮುಂದೆ ಗುರುತು ಹಾಕಿ, ಕೆಳಗೆ ಬರೆದೆ:
ತಂಪು ಪೆಟ್ಟಿಗೆ ಕೊಟ್ಟರೆ.
ಬೇಸಿಗೆಗೆ ಬೇರೆ ಗಡಿ ಗೊತ್ತುಮಾಡಿದರೆ.
ಕರೆದು ಕೂರಿಸಿ ಹೇಳುವವರಿದ್ದರೆ.
ಶೆಡ್ಡು ಎದ್ದುಹೋದ ಮೇಲೂ ಹುಡುಕುವವರಿದ್ದರೆ.
ನೋಡಿದರೆ ಎಲ್ಲ ವಾಕ್ಯವೂ 'ರೆ'ಗೇ ಬಂದು ನಿಂತಿವೆ.
ಹೊಡೆದುಹಾಕಲು ಮನಸ್ಸಾಗಲಿಲ್ಲ.

ಸಂಜೆ ಫಿಲೋಮಿನಾ ಫೋನು:
"ಇಪ್ಪತ್ತೆಂಟು ಕಾರ್ಡಿದೆ, ನಾಳೆ ಊಟ ಆದಮೇಲೆ ಕಳಿಸಲಾ?"
ಬೇಡ ಸಿಸ್ಟರ್, ಬೆಳಿಗ್ಗೆ ಆರಕ್ಕೇ ಕಳಿಸಿ.
ಆಮೇಲೆ,
ಅತ್ತರೂ ಪರವಾಗಿಲ್ಲ,
ಐದನೆಯದನ್ನೂ ತುಂಬಿಸಿ.